ವರದಿಯ ಕೊನೆಗೆ ನಾನು ಸೇರಿಸಿದ ವಾಕ್ಯ

ಅಟ್ಲಾಂಟಾ ಹತ್ತಿರದ ಸುವಾನಿಯಲ್ಲಿರುವ ನನ್ನ ಗೆಳತಿಯ ಮೊಮ್ಮಗಳು ಪೆಥಾಲಜಿ ರೆಸಿಡೆನ್ಸಿಗೆ ಸೇರಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, “ಆಂಟಿ, ನೀವೂ ಅದೇ ಕೆಲ್ಸ ಮಾಡಿದ್ರಿ ಅಲ್ವಾ, ಹೇಗಿತ್ತು? ಬಿ ಆನೆಸ್ಟ್” ಅಂದಳು. ನನಗೆ ಎಂಬತ್ತು ದಾಟಿದೆ. ಈ ದೇಶದಲ್ಲಿ ಅಜ್ಜಿಯಾದ ಮೇಲೂ ಆಂಟಿ ಪಟ್ಟ ತಪ್ಪುವುದಿಲ್ಲ. ಅವಳಿಗೆ ಏನೋ ಹಾರಿಕೆಯ ಮಾತು ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸು ಕೊರೆಯತೊಡಗಿತು. ಅವಳಂಥ ಹುಡುಗಿಯರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಶವಪರೀಕ್ಷೆಯ ಆಫೀಸಿನಲ್ಲಿ ಯಾವಾಗ ಡೆಪ್ಯುಟಿ ಆದೆ, ಯಾವಾಗ ಚೀಫ್ ಆದೆ ಅನ್ನುವುದೆಲ್ಲ ಗೋಡೆಯ ಮೇಲೆ ಫ್ರೇಮು ಹಾಕಿಸಿಕೊಂಡು ನೇತಾಡುತ್ತಿದೆ. ಬೇಕಾದವರು ಬಂದು ಕಾಫಿ ಕುಡಿದು ನೋಡಿಕೊಂಡು ಹೋಗಬಹುದು. ನಾನು ಹೇಳಬೇಕಾದ್ದು ನನ್ನ ಒಂದು ತಪ್ಪಿನ ವಿಷಯ. ಅದನ್ನು ಅನುಭವಿಸಿದವರು ನನ್ನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಒಬ್ಬ ಹೆಂಗಸು.

ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಮದುವೆಯಾಗಿ, ವಲಸೆಯ ಹೊಸ ಕಾನೂನು ಬಂದು ಇಲ್ಲಿಯ ಬಾಗಿಲು ತೆರೆದ ಮೇಲೆ ಬಂದವರು ನಾವು. ಯಜಮಾನರಿಗೆ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಕೆಲಸ. ನಾವು ಬಂದಿಳಿದ ಊರಿನ ಅಂಚಿನಲ್ಲಿ ಈಗ ಬ್ಯಾಲಂಟೈನ್ ಅಂತ ಬ್ಯಾಂಕು, ಐಟಿ ಆಫೀಸುಗಳು ನಿಂತಿವೆಯಲ್ಲ, ಆಗ ಅಲ್ಲಿ ಪೈನ್ ಮರ, ಹುಲ್ಲು, ದನ. ಪಕ್ಕದ ಫೋರ್ಟ್ ಮಿಲ್ ಕಡೆ ಹೋದರೆ ಹತ್ತಿ ಗಿರಣಿ. ನನ್ನ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರು ಬೇಡ. ಜೀವಂತ ರೋಗಿಗಳನ್ನು ಒಬ್ಬ ಸೀರೆ ಉಟ್ಟವಳ ಕೈಗೆ ಒಪ್ಪಿಸಲು ಯಾರಿಗೂ ಅವಸರವಿರಲಿಲ್ಲ. ಸತ್ತವರು ತಕರಾರು ಮಾಡುವುದಿಲ್ಲ ಅಂತಲೋ ಏನೋ, ಶವಪರೀಕ್ಷೆಯ ಕೆಲಸ ಮಾತ್ರ ಸಲೀಸಾಗಿ ಸಿಕ್ಕಿತು.

ನನ್ನ ಮೇಲಧಿಕಾರಿ ಡಾಕ್ಟರ್ ಟಾರ್ಬೆಟ್. ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ಪೆನ್ಸಿಲ್. ನಾನು ಸೇರಿದ ಹೊಸದರಲ್ಲಿ ನದಿಯಲ್ಲಿ ಮುಳುಗಿದವನೊಬ್ಬನ ದೇಹ ಬಂತು. ಅವನ ಶೂಸು ದಡದಲ್ಲಿ ಜೋಡಿಸಿಟ್ಟಂತೆ ಇತ್ತು ಅಂತ ಪೊಲೀಸರು ಹೇಳಿದರು. ನಮ್ಮ ಕಡೆ ಕೆರೆಗೆ ಹಾರುವವರು ಚಪ್ಪಲಿ ಬಿಟ್ಟು ಹಾರುತ್ತಾರೆ, ಸಣ್ಣವಳಿದ್ದಾಗ ಕೇಳಿದ್ದೆ. ಸರಿ, ಆತ್ಮಹತ್ಯೆ ಅಂತ ಬರೆದೆ. ಆಮೇಲೆ ನೋಡಿದರೆ ಅವನು ಮೀನು ಹಿಡಿಯಲು ನೀರಿಗೆ ಇಳಿದವನು, ಗಾಳ ಕೆಳಗಡೆ ಪೊದೆಯಲ್ಲಿ ಸಿಕ್ಕಿತು. ಟಾರ್ಬೆಟ್ ನನ್ನ ಸಾಲಿನ ಮೇಲೆ ಪೆನ್ಸಿಲ್ ಎಳೆದು, “ನೀನು ಶೂಸು ನೋಡಿದೀಯ. ಅವನ ಮನಸ್ಸು ನೋಡಿಲ್ಲ. ನೋಡಿದ್ದು ಬರಿ, ಅಂದ್ಕೊಂಡಿದ್ದು ಬರೀಬೇಡ” ಅಂದರು. ಬೈಗುಳ ಅಷ್ಟೇ. ಅವರು ಇರುವ ತನಕ ನಾನು ಸರಿಯಾಗಿಯೇ ಇದ್ದೆ.

ಲ್ಯಾಬಿನಲ್ಲಿ ಐಡಾ ಅಂತ ಒಬ್ಬರಿದ್ದರು, ಕಪ್ಪು ಜನಾಂಗದವರು, ಅರವತ್ತು ದಾಟಿದ ವಯಸ್ಸು. ಬೀಕರು, ಟ್ಯೂಬು ತೊಳೆದು, ಓವನ್ನಿನಲ್ಲಿ ಒಣಗಿಸಿ, ಸಾಲಾಗಿ ಇಡುವ ಕೆಲಸ. ಅವರು ತೊಳೆದ ಗಾಜನ್ನು ಮತ್ತೆ ತಿರುಗಿಸಿ ನೋಡುವ ಪ್ರಮೇಯ ನನಗೆ ಯಾವತ್ತೂ ಬರಲಿಲ್ಲ. ಉಳಿದವರೆಲ್ಲ, ಅವರ ಮೊಮ್ಮಕ್ಕಳ ವಯಸ್ಸಿನವರೂ ಸೇರಿ, “ಐಡಾ” ಅಂತ ಬರಿ ಹೆಸರು ಹಿಡಿದು ಕೂಗುತ್ತಿದ್ದರು. ನಮ್ಮಲ್ಲಿ ದೊಡ್ಡವರನ್ನು ಹಾಗೆ ಕರೆಯುವುದುಂಟೇ? ನಾನು “ಮಿಸ್ ಐಡಾ” ಅನ್ನುತ್ತಿದ್ದೆ. ಮೊದಲ ಸಲ ಕರೆದಾಗ ಅವರು ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅವತ್ತಿನಿಂದ ಮಧ್ಯಾಹ್ನ ಊಟ ಇಬ್ಬರೂ ಒಟ್ಟಿಗೆ ಮಾಡುತ್ತಿದ್ದೆವು. ಅವರು ತಂದ ಜೋಳದ ಬ್ರೆಡ್ಡು, ನನ್ನ ಚಿತ್ರಾನ್ನ. “ಇದಕ್ಕೆ ಉಪ್ಪು ಕಮ್ಮಿ, ಡಾಕ್ಟರ್” ಅಂತ ಪ್ರತಿ ಸಲ ಹೇಳುವರು, ಪ್ರತಿ ಸಲ ಖಾಲಿ ಮಾಡುವರು.

ಅವರ ಅಜ್ಜಿಯ ಕಥೆ ನನಗೆ ಗೊತ್ತಾಗಿದ್ದು ಹೀಗೆ ಊಟದ ಹೊತ್ತಿನಲ್ಲೇ. ಅಜ್ಜಿಯ ಹೆಸರು ಸೂಸನ್. ಗಿರಣಿ ಯಜಮಾನನ ಮನೆಯಲ್ಲಿ ಅಡುಗೆಯವಳು. ಆ ಯಜಮಾನನ ಚಿಕ್ಕ ವಯಸ್ಸಿನ ಹೆಂಡತಿ ಒಂದು ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ತವರು ಮನೆಗೆ ಹೋದಳು, ಸೂಸನ್‌ಳನ್ನೂ ಕರೆದುಕೊಂಡು ಹೋದಳು. ಅಲ್ಲಿ ಆ ಹೆಂಡತಿ ವಾಂತಿಭೇದಿಯಾಗಿ ಮೂರು ದಿನದಲ್ಲಿ ಸತ್ತಳು. ರೈಲಿನಲ್ಲಿ ದೇಹ ಊರಿಗೆ ಬಂದು ಮಣ್ಣಾಯಿತು. ಅದಾದ ಮೇಲೆ ಶುರುವಾಯಿತು ಪಿಸುಮಾತು, ಅಡುಗೆಯವಳೇ ಊಟದಲ್ಲಿ ಪಾಷಾಣ ಹಾಕಿದ್ದು ಅಂತ. ಸಾಕ್ಷಿ ಇಲ್ಲ, ಕೋರ್ಟಿಲ್ಲ, ಶಿಕ್ಷೆಯಿಲ್ಲ. ಮಾತು ಮಾತ್ರ ಉಳಿಯಿತು. ಸೂಸನ್ ಮುದುಕಿಯಾಗಿ ಸತ್ತಾಗ ಅವಳ ಸ್ವಂತ ಚರ್ಚಿನವರೇ, ಗಿರಣಿಯವರ ಹೆದರಿಕೆಗೆ, ಅವಳನ್ನು ಸ್ಮಶಾನದ ಬೇಲಿಯ ಹೊರಗೆ ಹೂಳಿದರು. ಕಲ್ಲು ಕೂಡ ಇಡಲಿಲ್ಲ.

“ಅವಳನ್ನ ಬೇಲಿ ಒಳಗೆ ತರಬೇಕು, ಡಾಕ್ಟರ್” ಅನ್ನುತ್ತಿದ್ದರು ಐಡಾ. “ನಾನು ಹೋಗೋ ಮುಂಚೆ. ಊರೆಲ್ಲ ನಂಬಿದೆ, ನಮ್ಮಮ್ಮ ಕೂಡ ಕೊನೇಲಿ ನಂಬಿಬಿಟ್ಟಳು. ನಾನೊಬ್ಬಳು ನಂಬಿಲ್ಲ. ನನಗೆ ತುತ್ತು ತಿನ್ನಿಸಿ ಬೆಳೆಸಿದ ಕೈ ಅದು.” ಐಡಾಗೆ ಮದುವೆಯಿಲ್ಲ, ಮಕ್ಕಳಿಲ್ಲ. ಬದುಕಿನಲ್ಲಿ ಬೇಕು ಅಂತ ಅವರು ಬಾಯಿಬಿಟ್ಟು ಹೇಳಿದ್ದು ಇದೊಂದನ್ನೇ.

ಈಗ ಶನಿವಾರದ ಜನರ ವಿಷಯ. ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಏಳೆಂಟು ಜನ ಸೇರುತ್ತಿದ್ದರು. ಹಳೆಯ, ಬಗೆಹರಿಯದ ಕೊಲೆಗಳನ್ನು ಕೆದಕುವುದು ಅವರ ಹುಚ್ಚು. ಅವರ ಮುಂದಾಳು ಮಿಸ್ಟರ್ ಹಾಲ್ಕಂಬ್, ಔಷಧಿ ಅಂಗಡಿ ಮಾರಿ ನಿವೃತ್ತಿಯಾದವರು. ಗಿರಣಿ ಯಜಮಾನನ ಹೆಂಡತಿಯ ಸಾವನ್ನು ಅವರು “ನಮ್ಮ ವಿಕ್ಟೋರಿಯನ್ ಮರ್ಡರ್” ಅನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಆ ವಿಕ್ಟೋರಿಯಾ ರಾಣಿ ಆಳಿದ್ದು ನಮ್ಮನ್ನು, ಇವರನ್ನಲ್ಲ. ಅವಳ ಹೆಸರು ಹೇಳಿಕೊಂಡು ಪುಳಕಗೊಳ್ಳುವವರು ಮಾತ್ರ ಇವರು. ಮನೆಯ ನಕ್ಷೆ ಬರೆದಿದ್ದರು, ಅವತ್ತು ಯಾರು ಎಲ್ಲಿ ಕೂತಿದ್ದರು, ಏನು ತಿಂದರು ಅಂತ ಪಟ್ಟಿ ಮಾಡಿದ್ದರು. ಹಾಲ್ಕಂಬ್ ಮೂರು ಸಲ ವಾಷಿಂಗ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಹಳೆಯ ಕಾಗದಗಳ ನಕಲು ತಂದಿದ್ದರು. ಕೆಟ್ಟ ಜನರಲ್ಲ. ಕೊಲೆ ಆಗಿಯೇ ಇಲ್ಲ ಅಂತಾದರೆ ಅವರಿಗೆ ಶನಿವಾರ ಖಾಲಿಯಾಗುತ್ತಿತ್ತು, ಅಷ್ಟೇ.

ಗಿರಣಿ ಮನೆತನದ ಮರಿಮಗನೊಬ್ಬ ಸಮಾಧಿ ತೆಗೆಯಲು ಒಪ್ಪಿದ. ಕೋರ್ಟಿನ ಅಪ್ಪಣೆಯೂ ಸಿಕ್ಕಿತು. ಪರೀಕ್ಷೆ ಮಾಡಿಕೊಡಿ ಅಂತ ಹಾಲ್ಕಂಬ್ ನನ್ನ ಹತ್ತಿರ ಬಂದರು. ಟಾರ್ಬೆಟ್ ಆಗಲೇ ನಿವೃತ್ತರಾಗಿ ಸಮುದ್ರದ ಕಡೆ ಮನೆ ಮಾಡಿದ್ದರು, ಅವರ ಕುರ್ಚಿಯಲ್ಲಿ ನಾನಿದ್ದೆ. ನಾನು ಮೊದಲು ಹೋಗಿ ಕೇಳಿದ್ದು ಐಡಾರನ್ನು.

ಅವರು ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟು, “ನೀವೇ ನೋಡ್ತೀರಾ?” ಅಂದರು.

“ನಾನೇ ನೋಡ್ತೀನಿ, ಮಿಸ್ ಐಡಾ.”

“ಹಾಗಾದ್ರೆ ಸರಿ. ಬೇರೆ ಯಾರು ನೋಡಿದ್ರೂ ನಂಬ್ತಿರ್ಲಿಲ್ಲ. ನೀವು ಅವರ ಕಡೆಯವರೂ ಅಲ್ಲ, ನಮ್ಮ ಕಡೆಯವರೂ ಅಲ್ಲ. ಇದ್ದದ್ದು ಇದ್ದಂಗೆ ಹೇಳ್ತೀರಿ.”

ಮನೆಯಲ್ಲಿ ಹೇಳಿದಾಗ ಯಜಮಾನರು ಪತ್ರಿಕೆಯಿಂದ ತಲೆ ಎತ್ತದೆ, “ಯಾಕೇ ಬೇಕು ನಿಂಗೆ ಅದು? ಕೇಸಿಲ್ಲ, ಕೋರ್ಟಿಲ್ಲ, ಹವ್ಯಾಸದೋರ ಆಟ” ಅಂದರು.

“ರೀ, ಐಡಾಗೋಸ್ಕರ. ಮತ್ತೆ ಪಾಷಾಣದ ವಿಷಯ ಇಲ್ಲಿ ನನ್ನಷ್ಟು ಯಾರಿಗೆ ಗೊತ್ತು ಹೇಳಿ?”

“ಅದೇ ನೋಡು, ಎರಡನೇದು ಜಾಸ್ತಿ ಇರೋ ಹಾಗಿದೆ” ಅಂದರು. ನನಗೆ ಸಿಟ್ಟು ಬಂತು.

ಅವರು ಹೇಳಿದ್ದು ಸರಿಯಾಗಿತ್ತು. ಆರ್ಸೆನಿಕ್, ಅಂದರೆ ನಮ್ಮ ಪಾಷಾಣ, ನಮ್ಮ ಕಡೆಯ ಹಳೇ ವಿಷ. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಅದನ್ನು ಉರು ಹೊಡೆಸಿದ್ದರು. ಸುಟ್ಟ ಬೂದಿಯಲ್ಲೂ ಹುಡುಕಬಹುದು, ಕೂದಲಲ್ಲಿ ಉಳಿಯುತ್ತದೆ, ಹೂತ ಹೆಣವಾದರೆ ಸುತ್ತಲಿನ ಮಣ್ಣನ್ನೂ ತಪ್ಪದೆ ತೆಗೆದುಕೊಳ್ಳಿ. ಇಲ್ಲಿಯವರು ಗುಂಡೇಟು, ಕಾರು ಅಪಘಾತದಲ್ಲಿ ಪಳಗಿದವರು. ಪಾಷಾಣದ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು, ನನಗೆ ಅದು ಹಿತವಾಗಿತ್ತು.

ಒಂದು ಬೆಳಿಗ್ಗೆ ಸಮಾಧಿ ತೆರೆದೆವು. ದೇಹ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಉಳಿದಿತ್ತು. ಪಾಷಾಣ ಸೇರಿದ ದೇಹ ಬೇಗ ಕೊಳೆಯುವುದಿಲ್ಲ ಅಂತ ಮೇಷ್ಟ್ರು ಹೇಳಿದ್ದು ನೆನಪಾಗಿ ಅಲ್ಲೇ ಅರ್ಧ ನಂಬಿಬಿಟ್ಟೆ. ಕೂದಲು, ಮೂಳೆ, ಪೆಟ್ಟಿಗೆಯ ಕೆಳಗಿನ ಮಣ್ಣು, ದೂರದ ಮಣ್ಣು, ಎಲ್ಲಾ ಬೇರೆ ಬೇರೆ ಜಾಡಿಗೆ ತುಂಬಿ ತಂದೆ. ಆ ಜಾಡಿಗಳನ್ನು ತೊಳೆದಿಟ್ಟಿದ್ದು ಐಡಾ ಅವರೇ.

ನಾನು ಕಲಿತ ವಿಧಾನ ಹಳೆಯದು. ತಾಮ್ರದ ತಗಡಿನ ತುಂಡನ್ನು ಆಸಿಡ್ಡಿನಲ್ಲಿ ಮಾದರಿಯ ಜೊತೆ ಕುದಿಸಿದರೆ, ವಿಷ ಇದ್ದಲ್ಲಿ ತಗಡು ಕಪ್ಪಾಗುತ್ತದೆ. ಆ ಹೊತ್ತಿಗೆ ಹೊಸ ಯಂತ್ರವೂ ಬಂದಿತ್ತು, ಮಾದರಿಯನ್ನು ಜ್ವಾಲೆಯಲ್ಲಿ ಸುಟ್ಟು ಬೆಳಕಿನಿಂದ ಅಳೆದು ಅಂಕಿ ಕೊಡುವಂಥದ್ದು. ಮೊದಲು ತಾಮ್ರ ಹಾಕಿ ನೋಡಿದೆ, ಕಾಡಿಗೆಯ ಹಾಗೆ ಕಪ್ಪಾಯಿತು. ಯಂತ್ರವೂ ಅದನ್ನೇ ಹೇಳಿತು. ದೇಹದ ತುಂಬ ಪಾಷಾಣ, ದೂರದ ಮಣ್ಣಿನಲ್ಲಿ ಇಲ್ಲವೇ ಇಲ್ಲ. ಕೂದಲನ್ನು ತುಂಡು ತುಂಡು ಮಾಡಿ ನೋಡಿದರೆ ಬುಡದಿಂದ ತುದಿಯವರೆಗೆ ಒಂದೇ ಸಮ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಕೂದಲಿನ ಉದ್ದಕ್ಕೂ ಇದೆ ಅಂದರೆ ತಿಂಗಳುಗಟ್ಟಲೆ ದೇಹಕ್ಕೆ ಹೋಗಿದೆ ಅಂತ ಪುಸ್ತಕದಲ್ಲಿತ್ತು. ಕೊನೆಗೆ ಒಂದು ವಾಕ್ಯ ಸೇರಿಸಿದೆ: “ವಿಷವನ್ನು ಹಲವು ತಿಂಗಳ ಕಾಲ, ಸಣ್ಣ ಪ್ರಮಾಣದಲ್ಲಿ, ಬಹುಶಃ ಆಹಾರದ ಮೂಲಕ ಕೊಡಲಾಗಿದೆ.” ಬರೆಯುವಾಗ ಐಡಾ ನೆನಪಿಗೆ ಬಂದರು. ನಿಷ್ಠುರವಾಗಿರಬೇಕು, ಸ್ನೇಹ ನೋಡಿ ವಾಕ್ಯ ಬಿಟ್ಟರೆ ನಾನೆಂಥ ಡಾಕ್ಟರು ಅಂತ ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ನೋಡಿ, ಎಷ್ಟು ದೊಡ್ಡ ಮನುಷ್ಯಳಾಗಿದ್ದೆ ನಾನು. ಪೆನ್ಸಿಲ್ ಹಿಡಿದು ಓದುವವರು ಯಾರೂ ಆಫೀಸಿನಲ್ಲಿ ಉಳಿದಿರಲಿಲ್ಲ.

ಐಡಾಗೆ ನಾನೇ ಮೊದಲು ಹೇಳಿದೆ. ಕೈ ಒರೆಸಿಕೊಂಡು ಕೂತು ಕೇಳಿದರು. ವರದಿಯನ್ನು ಕೈಗೆ ತೆಗೆದುಕೊಂಡು ಕೊನೆಯ ವಾಕ್ಯವನ್ನು ಬೆರಳಿಟ್ಟು ಎರಡು ಸಲ ಓದಿದರು. ಅಡುಗೆಮನೆ ಯಾರ ಕೈಯಲ್ಲಿತ್ತು ಅಂತ ನಾನು ಹೇಳಬೇಕಾಗಿರಲಿಲ್ಲ.

“ನೀವೇ ನೋಡಿದ್ರಾ?”

“ಹೌದು.”

“ಸರಿ ಹಾಗಾದ್ರೆ. ಗೊತ್ತಾಯ್ತು” ಅಂದು ಎದ್ದು ಹೋಗಿ ನಲ್ಲಿ ತಿರುಗಿಸಿದರು.

ಅವರು ಜಗಳವಾಡುತ್ತಾರೆ, ಅಳುತ್ತಾರೆ, ನನ್ನನ್ನು ಬೈಯುತ್ತಾರೆ ಅಂತ ಕಾದಿದ್ದೆ. ನಂಬುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಆದರೆ ನಂಬಿದರು. ಊರು, ಚರ್ಚು, ಹೆತ್ತ ತಾಯಿ ಯಾರೂ ಮಾಡಲಾಗದ್ದನ್ನು ನನ್ನ ಒಂದು ಕಾಗದ ಮಾಡಿಬಿಟ್ಟಿತು. ಅಜ್ಜಿಯ ಮಾತು ಮತ್ತೆ ಎತ್ತಲಿಲ್ಲ. ಬೇಲಿಯ ಮಾತೂ ಇಲ್ಲ. ಊಟದ ಹೊತ್ತಿಗೆ ಬರುತ್ತಿದ್ದರು, ಚಿತ್ರಾನ್ನ ತಿನ್ನುತ್ತಿದ್ದರು, ಉಪ್ಪಿನ ವಿಷಯ ಹೇಳುವುದನ್ನು ಬಿಟ್ಟರು. ಶನಿವಾರದ ಜನ ಮಾತ್ರ ನನಗೆ ಕೇಕ್ ತಂದುಕೊಟ್ಟರು. ಪುಸ್ತಿಕೆ ಅಚ್ಚು ಹಾಕಿಸಿದರು, ಊರಿನ ಪತ್ರಿಕೆಯಲ್ಲಿ ಸೂಸನ್ ಹೆಸರು ಬಂತು.

ಎರಡು ವರ್ಷದ ಮೇಲೆ ಅಟ್ಲಾಂಟಾದಲ್ಲಿ ಒಂದು ವೃತ್ತಿ ಸಮ್ಮೇಳನಕ್ಕೆ ಹೋಗಿದ್ದೆ. ಊಟದ ಮೇಜಿನಲ್ಲಿ ಪಕ್ಕದಲ್ಲಿ ಕೂತ ಮುದುಕರೊಬ್ಬರು ಮೂರು ತಲೆಮಾರಿನಿಂದ ಶವಸಂಸ್ಕಾರದ ಏರ್ಪಾಡು ಮಾಡುವ ಫ್ಯೂನರಲ್ ಹೋಮ್ ನಡೆಸಿದ ಮನೆತನದವರು. ಹೆಣ ಕೆಡದಂತೆ ಇಡುವ ದ್ರಾವಣಗಳ ಬಗ್ಗೆ ಮಾತು ಬಂತು. “ಈಗ ಫಾರ್ಮಲಿನ್. ನಮ್ಮ ತಾತನ ಕಾಲದಲ್ಲಿ ಆರ್ಸೆನಿಕ್ ನೀರು. ಒಂದು ದೇಹಕ್ಕೆ ಒಳಗೂ ಹೊರಗೂ ಧಾರಾಳವಾಗಿ ಹಾಕೋರು. ಬೇಸಿಗೇಲಿ ರೈಲಲ್ಲಿ ಕಳಿಸೋ ಹೆಣಕ್ಕಂತೂ ಅದಿಲ್ದೆ ಆಗ್ತಾನೇ ಇರ್ಲಿಲ್ಲ” ಅಂದರು. ಬೇಸಿಗೆಯಲ್ಲಿ ರೈಲಿನಲ್ಲಿ ಊರಿಗೆ ಬಂದ ಗಿರಣಿ ಯಜಮಾನನ ಹೆಂಡತಿ ನೆನಪಾದಳು.

ನಾನು ಹುಟ್ಟಿದ ಮನೆಯಲ್ಲಿ ಬೆಳಿಗ್ಗೆ ಸತ್ತವರು ಮಧ್ಯಾಹ್ನದೊಳಗೆ ಬೂದಿಯಾಗುತ್ತಿದ್ದರು. ಹೆಣವನ್ನು ಕಾಪಿಡುವ ಯೋಚನೆಯೇ ನಮ್ಮ ತಲೆಯಲ್ಲಿಲ್ಲ. ನಾನು ಓದಿದ ಪುಸ್ತಕ ಬರೆದಿದ್ದೂ ಅಂಥ ಊರಿಗಾಗಿ. ಮಣ್ಣು ತೆಗೆದುಕೋ ಅಂದಿತ್ತು, ಹೆಣಕ್ಕೆ ಏನು ತುಂಬಿದ್ದಾರೆ ಕೇಳು ಅಂದಿರಲಿಲ್ಲ. ಇಲ್ಲಿ ಅಷ್ಟು ವರ್ಷ ಕೆಲಸ ಮಾಡಿ, ಬಣ್ಣ ಹಚ್ಚಿ ಮಲಗಿಸಿದ ಮುಖಗಳನ್ನು ಎಷ್ಟೋ ನೋಡಿ, ಫಾರ್ಮಲಿನ್ನಿಗೆ ಮುಂಚೆ ಏನಿತ್ತು ಅಂತ ಒಂದು ದಿನವೂ ಕೇಳಲಿಲ್ಲ ನಾನು. ಇಲ್ಲಿ ಹುಟ್ಟಿ ಬೆಳೆದ ಡಾಕ್ಟರಾಗಿದ್ದರೆ ಯಾರಾದರೂ ಅಜ್ಜನೋ ಮಾವನೋ ಹೇಳಿರುತ್ತಿದ್ದರು.

ಊರಿಗೆ ಬಂದವಳೇ ಹಾಲ್ಕಂಬ್ ಅವರ ಫೈಲು ತರಿಸಿದೆ. ವಾಷಿಂಗ್ಟನ್ನಿನಿಂದ ತಂದ ಕಾಗದಗಳಲ್ಲಿ ರೈಲಿನಲ್ಲಿ ಶವ ಸಾಗಿಸುವ ಪರವಾನಗಿ ಇತ್ತು. ನಾನು ಮೊದಲೇ ಅದನ್ನು ಟಿಕೆಟ್ಟಿನ ಹಾಗೆ ನೋಡಿ ಪಕ್ಕಕ್ಕಿಟ್ಟಿದ್ದೆ. ಕೆಳಗಡೆ ಅಂದದ ಕೈಬರಹದಲ್ಲಿ ದೇಹಕ್ಕೆ ದ್ರಾವಣ ತುಂಬಿ ಸಿದ್ಧಪಡಿಸಲಾಗಿದೆ ಅಂತ ಬರೆದಿತ್ತು. ಕೂದಲು ಬುಡದಿಂದ ತುದಿಯವರೆಗೆ ಒಂದೇ ಸಮ ಇದ್ದಿದ್ದು, ಅದೇ ನೀರಿನಲ್ಲಿ ನೆನೆದಿದ್ದಕ್ಕೆ. ಆ ಹುಡುಗಿ ಬರಿ ಬೇಸಿಗೆಯ ವಾಂತಿಭೇದಿಯಿಂದಲೇ ಸತ್ತಿರಬಹುದು. ಯಾರಾದರೂ ಯಾರಿಗಾದರೂ ವಿಷ ಹಾಕಿದರು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಎಳೆಯಷ್ಟೂ ಸಾಕ್ಷಿ ಇರಲಿಲ್ಲ.

ವಿಷಯ ಹೇಳಿದಾಗ ಹಾಲ್ಕಂಬ್ ತಲೆ ಕೆರೆದುಕೊಂಡು, “ಪುಸ್ತಿಕೆ ಹಂಚಿ ಆಯ್ತಲ್ಲ, ಡಾಕ್ಟರ್. ನಾವೀಗ ಬೇರೆ ಕೇಸು ತಗೊಂಡಿದ್ದೀವಿ” ಅಂದರು. ಮೇಜಿನ ಮೇಲೆ ಇನ್ನೊಂದು ಮನೆಯ ನಕ್ಷೆ ಹರಡಿತ್ತು. ಆ ಮನುಷ್ಯನ ಮೇಲೆ ಕೂಗಾಡಿದೆ. ನನ್ನ ಮೇಲೆ ಕೂಗಾಡಿಕೊಳ್ಳಲು ಆಗದ್ದಕ್ಕೆ ಅಂತ ಆಮೇಲೆ ಗೊತ್ತಾಯಿತು.

ಆಗ ಐಡಾ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿದ್ದರು. ಹೊಟ್ಟೆಯ ಕ್ಯಾನ್ಸರ್, ಇನ್ನು ಹೆಚ್ಚು ದಿನವಿಲ್ಲ. ತಪ್ಪೊಪ್ಪಿಗೆಯ ಹೊಸ ವರದಿ ಟೈಪ್ ಮಾಡಿಸಿ, ಸಹಿ ಹಾಕಿ, ಕೌಂಟಿಯ ಮುದ್ರೆ ಒತ್ತಿಸಿಕೊಂಡು ಹೋದೆ. ಹಾಸಿಗೆಯ ಪಕ್ಕ ಕೂತು ಪೂರ್ತಿ ಓದಿದೆ. ದ್ರಾವಣದ ವಿಷಯ, ರೈಲಿನ ಕಾಗದದ ವಿಷಯ, ನಮ್ಮೂರಲ್ಲಿ ಹೆಣ ಸುಡುವ ವಿಷಯ, ಎಲ್ಲಾ ಬಿಡಿಸಿ ಹೇಳಿದೆ. “ತಪ್ಪು ನಂದು, ಮಿಸ್ ಐಡಾ. ನಿಮ್ಮಜ್ಜಿ ಏನೂ ಮಾಡಿಲ್ಲ” ಅಂದೆ.

ಅವರು ನನ್ನ ಕೈ ಹಿಡಿದುಕೊಂಡರು.

“ಡಾಕ್ಟರ್, ಮೊದಲನೇ ಸಲ ಬರೆಯೋವಾಗ ನನ್ನ ಮೋರೆ ನೋಡ್ಲಿಲ್ಲ ನೀವು. ಇದ್ದದ್ದು ಬರೆದ್ರಿ. ಈ ಸಲ ನಾನು ಸಾಯ್ತಿದೀನಿ ಅಂತ ಬರ್ಕೊಂಡು ಬಂದಿದೀರಿ. ಒಳ್ಳೇ ಮನಸ್ಸು ನಿಮ್ದು.”

“ಇಲ್ಲ, ಮಿಸ್ ಐಡಾ, ಇದೇ ನಿಜ.”

“ಇರ್ಲಿ ಬಿಡಿ. ನಂಗೆ ಸಮಾಧಾನ ಆಯ್ತು ಅಂದ್ಕೊಳ್ಳಿ” ಅಂದರು. ನನ್ನನ್ನೇ ಸಮಾಧಾನ ಮಾಡುತ್ತಿದ್ದರು ಅವರು.

ಮತ್ತೆ ಮೂರು ಸಲ ಹೋದೆ. ಪ್ರತಿ ಸಲವೂ ಹೇಳಿದೆ. ಹೇಳಿದಷ್ಟೂ ಅವರಿಗೆ ಅದು ನನ್ನ ಕರುಣೆಯಾಗಿಯೇ ಕಂಡಿತು. ಐದನೇ ಸಲ ಹೋಗುವ ಹೊತ್ತಿಗೆ ಹಾಸಿಗೆ ಖಾಲಿಯಾಗಿತ್ತು.

ಅವರನ್ನು ಬೇಲಿಯ ಒಳಗೆ ಹೂತರು. ಶವಸಂಸ್ಕಾರ ಮುಗಿದ ಮೇಲೆ ನಾನು ಹೊಸ ವರದಿ ಹಿಡಿದು ಪಾದ್ರಿಯ ಹತ್ತಿರ ಹೋದೆ. ಮೆತ್ತನೆಯ ಮನುಷ್ಯ, ಪೂರ್ತಿ ಓದಿದರು. ಸೂಸನ್ ಅವರನ್ನು ಒಳಗೆ ತರಲು ಈಗ ಯಾರದೂ ಅಡ್ಡಿಯಿಲ್ಲ, ಆದರೆ ಸಮಾಧಿ ಕದಲಿಸಬೇಕಾದರೆ ಮನೆಯವರು ಯಾರಾದರೂ ಕೇಳಿಕೊಂಡು ಸಹಿ ಹಾಕಬೇಕು ಅಂದರು. ಐಡಾ ಅವರೇ ಕೊನೆಯವರಾಗಿದ್ದರಲ್ಲ, ಮತ್ತೆ ಯಾರಾದರೂ ಇದ್ದಾರೆಯೇ ಅಂತ ಕೇಳಿದರು. ನನ್ನನ್ನು ನೋಡಿ, “ನೀವು ಅವರಿಗೆ ಏನಾಗಬೇಕು?” ಅಂದರು.

ಏನೂ ಆಗಬೇಕಿಲ್ಲ ಅಂದೆ.